ಅಮ್ಮನ ಕಾಲಿಂದ ಚಪ್ಪಲ್ ಜಾರಿ ಹೋದ್ರೂ ಗೊತ್ತಾಗುದಿಲ್ಲ, ಸೊಂಟದ ಎಂಆರ್‌ಐಯಲ್ಲಿ ದೊಡ್ಡದೇನೂ ಇಲ್ಲ ಅಂತಾರೆ, ಮುಂದೆ ಎಂತ ಮಾಡುದು?

ಹಳೆಯಂಗಡಿ_ಮಗಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ, ನಂಗೆ ತಲೆ ಓಡ್ತಾ ಇಲ್ಲ.

ನಮ್ಮದು ಹಳೆಯಂಗಡಿ ಹತ್ರ. ಅಮ್ಮನಿಗೆ 58 ವರ್ಷ, ಶುಗರ್ ಉಂಟು, ಮಾತ್ರೆಯಲ್ಲೇ ಕಂಟ್ರೋಲ್. ಸಣ್ಣ ಪ್ರಾಯದಿಂದ ಬೀಡಿ ಕಟ್ಟಿದವರು, ಗೋಡೆಗೆ ಒರಗಿ ಕಾಲು ಚಾಚಿ ತಡ್ಪೆ (ಮೊರ) ತೊಡೆ ಮೇಲೆ ಇಟ್ಟು ಕೂತ್ರೆ ಮಧ್ಯಾಹ್ನದವರೆಗೆ ಏಳುವವರಲ್ಲ, ಹಾಗಾಗಿ ಬೆನ್ನು ನೋವು ಅಂದಾಗ ಮನೆಯಲ್ಲಿ ಯಾರೂ ಅದನ್ನು ದೊಡ್ಡ ಮಾಡ್ಲಿಲ್ಲ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಶುರು ಆದದ್ದು. ಸೊಂಟ ಅಲ್ಲ, ಅದಕ್ಕಿಂತ ಮೇಲೆ, ಬೆನ್ನಿನ ನಡು ಭಾಗ. ಅಲ್ಲಿಂದ ಎದೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಆಗ್ತದೆ ಅಂತ ಹೇಳ್ತಿದ್ರು. ಗ್ಯಾಸ್ ಅಂತ ಓಮದ ನೀರು ಕುಡಿದ್ರು, ಹೆದರಿ ಇಸಿಜಿ ಮಾಡಿಸಿದ್ದೂ ಆಯ್ತು, ನಾರ್ಮಲ್. ವಿಚಿತ್ರ ಅಂದ್ರೆ ರಾತ್ರಿ ಮಲಗಿದ್ರೆ ಜಾಸ್ತಿ ಆಗುದು, ಎದ್ದು ಬಂದು ಜಗಲಿಯಲ್ಲಿ ಕೂತ್ರೆ ಸ್ವಲ್ಪ ಕಡಿಮೆ. ಎಷ್ಟೋ ಸಲ ಎರಡು ಗಂಟೆ ರಾತ್ರಿಗೆ ಅವರು ಕತ್ತಲೆಯಲ್ಲಿ ಒಬ್ರೇ ಕೂತಿದ್ದನ್ನು ನಾನು ನೋಡಿದ್ದೇನೆ, ಎಂತ ಅಂತ ಕೇಳಿದ್ರೆ ಸೆಕೆ ಅಂತ ಹೇಳ್ತಿದ್ರು.

ಮಳೆಗಾಲದಲ್ಲಿ ಎರಡು ಸಲ ಅಂಗಳದಲ್ಲಿ ಬಿದ್ರು. ಪಾಚಿ ಹಿಡಿದು ಜಾರ್ತದೆ ಅಂತ ಅಪ್ಪ ಬ್ಲೀಚಿಂಗ್ ಪೌಡರ್ ಹಾಕಿ ಅಂಗಳ ಪೂರ್ತಿ ತಿಕ್ಕಿದ್ರು. ಮೂರನೇ ಸಲ ಬಿದ್ದದ್ದು ಮನೆಯೊಳಗೆ, ಒಣ ನೆಲದಲ್ಲಿ, ಕರೆಂಟ್ ಹೋದಾಗ. ಆಗ ನಂಗೆ ಹೆದರಿಕೆ ಆದದ್ದು.

ಈಗ ಎಡಗಾಲು ಕೋಲಿನ ಹಾಗೆ ಸೆಟೆದುಕೊಂಡೇ ಇರ್ತದೆ, ನಡೆಯುವಾಗ ಎಳೀತಾರೆ, ಆ ಕಾಲಿನ ಚಪ್ಪಲ್ ಹಿಂದೆ ಎಲ್ಲೋ ಬಿದ್ದು ಹೋದ್ರೂ ಅವರಿಗೆ ಗೊತ್ತೇ ಆಗುದಿಲ್ಲ, ನಾವು ಹಿಂದಿನಿಂದ ಕರೆದು ಹೇಳ್ಬೇಕು. ಬಲಗಾಲಿಗೆ ಶಕ್ತಿ ಉಂಟು, ಆದ್ರೆ ಬಚ್ಚಲಲ್ಲಿ ಹಂಡೆಯ ನೀರು ಹೊಯ್ದುಕೊಳ್ಳುವಾಗ ಎಡಗಾಲಿಗೆ ಬಿಸಿ ಗೊತ್ತಾಗ್ತದೆ ಬಲಗಾಲಿಗೆ ಗೊತ್ತಾಗುದಿಲ್ಲ ಅಂತಾರೆ, ಇದು ಹೇಗೆ ಅಂತ ನಂಗೆ ಅರ್ಥವೇ ಆಗ್ಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಪಾದದ ಮುಂದಿನ ಭಾಗ ಇಟ್ಟ ಕೂಡ್ಲೇ ಎಡಗಾಲು ತಟತಟ ಅಂತ ಕುಣೀಲಿಕ್ಕೆ ಶುರು, ಕಂಡಕ್ಟರ್ ಬೇಗ ಬೇಗ ಅಂತ ಬೊಬ್ಬೆ ಹಾಕ್ತಾನೆ, ಅಮ್ಮ ಅಲ್ಲೇ ನಿಂತು ಅತ್ತದ್ದೂ ಉಂಟು. ಒಂದು ತಿಂಗಳಿಂದ ಒಂದಕ್ಕೆ ಅರ್ಜೆಂಟ್ ಆದ್ರೆ ತಡೀಲಿಕ್ಕೆ ಆಗುದಿಲ್ಲ.

ಮೊದಲು ತೋರಿಸಿದ ಡಾಕ್ಟ್ರು ಶುಗರಿಂದ ನರ ವೀಕ್ ಆಗಿದೆ ಅಂತ ಬಿ12 ಇಂಜೆಕ್ಷನ್, ನರದ ನೋವಿಗೆ ಪ್ರಿಗ್ಯಾಬಲಿನ್ ಮಾತ್ರೆ ಕೊಟ್ರು. ಎರಡನೆಯವರು ಡಿಸ್ಕ್ ಅಂತ ಸೊಂಟದ ಎಂಆರ್‌ಐ ಮಾಡಿಸಿದ್ರು, ಎಲ್4-ಎಲ್5ರಲ್ಲಿ, ಅಂದ್ರೆ ಸೊಂಟದ ಕೆಳಗಿನ ಎರಡು ಮೂಳೆಗಳ ನಡುವೆ, ಡಿಸ್ಕ್ ಸ್ವಲ್ಪ ಉಬ್ಬಿದೆ (ಬಲ್ಜ್) ಅಂತ ರಿಪೋರ್ಟ್, 15 ದಿನ ಟ್ರಾಕ್ಷನ್ (ಭಾರ ಕಟ್ಟಿ ಸೊಂಟ ಎಳೆಯುದು) ಕೊಟ್ರು, ಒಂಚೂರೂ ಕಡಿಮೆ ಆಗ್ಲಿಲ್ಲ. ದೊಡ್ಡಮ್ಮ ಬಂದು ನೋಡಿ ಕಾಲು ನಡುಗ್ತದಲ್ಲ ಇದು ಪಾರ್ಕಿನ್ಸನ್ ಅಂತಾರೆ. ಯಾರ ಮಾತು ಕೇಳುದು? ಯಾವ ಡಾಕ್ಟರ್ ಹತ್ರ ಹೋಗ್ಬೇಕು? ಇನ್ನೊಂದು ಎಂಆರ್‌ಐ ಮಾಡಿಸ್ಬೇಕಾ?

ಕಡಿಯಾಳಿ_ಫಿಸಿಯೋ:

ಅಕ್ಕಾ, ನಾನು ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡ್ತೇನೆ, ಡಾಕ್ಟರ್ ಅಲ್ಲ, ರೋಗ ಇಂಥದ್ದೇ ಅಂತ ಹೇಳುವ ಅಧಿಕಾರ ನನಗಿಲ್ಲ. ಆದ್ರೆ ನೀವು ಬರೆದದ್ದು ಓದಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ಮೊದಲು ಟ್ರಾಕ್ಷನ್ ನಿಲ್ಲಿಸಿ. ಬೆನ್ನು ಒತ್ತಿ ನೆಟಿಗೆ ತೆಗೆಯುವವರ ಹತ್ರ ಕರ್ಕೊಂಡು ಹೋಗ್ಬೇಡಿ. ಈ ವಾರವೇ ನ್ಯೂರಾಲಜಿ ಅಥವಾ ನ್ಯೂರೋಸರ್ಜರಿಗೆ ತೋರಿಸಿ, ಮಂಗಳೂರಲ್ಲೂ ಉಂಟು, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಲ್ಲೂ ಉಂಟು, ಮಣಿಪಾಲದಲ್ಲೂ ಉಂಟು, ನಿಮಗೆ ಎಲ್ಲಿ ಹತ್ರವೋ ಅಲ್ಲಿ.

ನಾನು ಯಾಕೆ ಇಷ್ಟು ಒತ್ತಿ ಹೇಳುದು ಅಂದ್ರೆ, ಕಾಲು ಬಲ ಕಳೆದುಕೊಳ್ಳುದರಲ್ಲಿ ಎರಡು ಥರ ಉಂಟು. ಸೊಂಟದ ಡಿಸ್ಕ್ ನರ ಒತ್ತಿದ್ರೆ ಅಥವಾ ಶುಗರಿಂದ ನರ ಹಾಳಾದ್ರೆ ಕಾಲು ಸಡಿಲ ಆಗ್ತದೆ, ಹಿಮ್ಮಡಿಯ ಮೇಲೆ ಸುತ್ತಿಗೆಯಲ್ಲಿ ಹೊಡೆದ್ರೆ ಪಾದ ಹಾರುದು ಕಡಿಮೆ ಆಗ್ತದೆ ಇಲ್ಲ ನಿಂತೇ ಹೋಗ್ತದೆ. ಅಮ್ಮನ ಕಾಲು ಸೆಟೆದಿದೆ, ಮೆಟ್ಟಿಲ ಮೇಲೆ ಪಾದ ಇಟ್ಟಾಗ ಕುಣೀತದೆ ಅಂತೀರಿ, ಅದಕ್ಕೆ ನಾವು ಕ್ಲೋನಸ್ ಅಂತೇವೆ, ಅದು ನರ ಅಲ್ಲ, ಬೆನ್ನುಹುರಿಗೇ ಅಥವಾ ಅದಕ್ಕಿಂತ ಮೇಲೆ ಎಲ್ಲೋ ಒತ್ತಡ ಬಿದ್ದಾಗ ಕಾಣುವ ಲಕ್ಷಣ. ಮತ್ತೆ ಶುಗರ್ ನರ ಸಾಮಾನ್ಯವಾಗಿ ಎರಡೂ ಪಾದದಲ್ಲಿ ಒಟ್ಟಿಗೆ, ಸಾಕ್ಸ್ ಹಾಕಿದ ಹಾಗೆ ಬೆರಳಿಂದ ಮೇಲೆ ಬರುದು. ಒಂದು ಕಾಲಿಗೆ ಬಲ ಇಲ್ಲ ಇನ್ನೊಂದು ಕಾಲಿಗೆ ಬಿಸಿ ಗೊತ್ತಿಲ್ಲ ಅಂತ ಅದು ಬರುದಿಲ್ಲ.

ನಿಮಗೆ ವಿಚಿತ್ರ ಅಂತ ಕಂಡದ್ದಕ್ಕೆ ಕಾರಣ ಉಂಟು. ಬಲ ಕೊಡುವ ದಾರಿ ಮತ್ತೆ ಪಾದ ಎಲ್ಲಿದೆ ಅಂತ ಹೇಳುವ ದಾರಿ ಎರಡೂ ಬೆನ್ನುಹುರಿಯಲ್ಲಿ ಅದೇ ಬದಿಯಲ್ಲಿ ಹೋಗ್ತವೆ, ಬಿಸಿ ತಂಪು ನೋವು ಹೇಳುವ ದಾರಿ ಮಾತ್ರ ಹುರಿಯೊಳಗೆ ಬಂದ ಸ್ವಲ್ಪದರಲ್ಲೇ ಆಚೆ ಬದಿಗೆ ದಾಟ್ತದೆ. ಹಾಗಾಗಿ ಹುರಿಯ ಎಡಭಾಗಕ್ಕೆ ಪೆಟ್ಟಾದ್ರೆ ಎಡಗಾಲು ಸೋಲ್ತದೆ, ಬಲಗಾಲಿಗೆ ಬಿಸಿ ಗೊತ್ತಾಗುದಿಲ್ಲ. ಬ್ರೌನ್ ಸೆಕಾರ್ಡ್ ಅಂತ 19ನೇ ಶತಮಾನದ ಡಾಕ್ಟರ್ ಇದನ್ನು ಕಂಡು ಬರೆದದ್ದು, ಅವರ ಹೆಸರಲ್ಲೇ ಈಗಲೂ ಕರೀತಾರೆ. ಕತ್ತಲೆಯಲ್ಲಿ ಬಿದ್ದದ್ದೂ ಹಾಗೆಯೇ, ಪಾದ ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಬರುದಿಲ್ಲ, ಬೆಳಕಿದ್ರೆ ಕಣ್ಣಿಂದ ನೋಡಿ ಸುಧಾರಿಸ್ತಾರೆ, ಕರೆಂಟ್ ಹೋದ್ರೆ ಬೀಳ್ತಾರೆ.

ಇನ್ನು ಎಂಆರ್‌ಐ ವಿಷಯ. ದೊಡ್ಡವರಲ್ಲಿ ಬೆನ್ನುಹುರಿ ಮುಗಿಯುದೇ ಸೊಂಟದ ಮೇಲ್ತುದಿಯ ಎಲ್1-ಎಲ್2 ಮೂಳೆ ಹತ್ರ, ಅಲ್ಲಿಂದ ಕೆಳಗೆ ಇರುದು ಬರೀ ನರಗಳ ಗೊಂಚಲು. ಸೊಂಟದ ಎಂಆರ್‌ಐಯಲ್ಲಿ ಹುರಿಯ ಬಾಲದ ತುದಿ ಮಾತ್ರ ಕಾಣ್ತದೆ. ಅಮ್ಮ ನೋವು ಅಂತ ಕೈ ತೋರಿಸುದು ಬೆನ್ನಿನ ನಡುವಿಗೆ, ಫೋಟೋ ತೆಗೆದದ್ದು ಸೊಂಟಕ್ಕೆ. 58 ವರ್ಷದಲ್ಲಿ ಎಲ್4-ಎಲ್5 ಬಲ್ಜ್ ಎಷ್ಟೋ ಜನಕ್ಕೆ ನೋವೇ ಇಲ್ಲದೆಯೂ ಇರ್ತದೆ. ಡಾಕ್ಟ್ರ ಹತ್ರ ಡಾರ್ಸಲ್ ಸ್ಪೈನ್ (ಬೆನ್ನಿನ ನಡುಭಾಗ) ನೋಡಬೇಕಾ, ಹೋಲ್ ಸ್ಪೈನ್ (ಪೂರ್ತಿ ಬೆನ್ನುಮೂಳೆ) ಸ್ಕ್ರೀನಿಂಗ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಒಂದಕ್ಕೆ ಪೂರ್ತಿ ಕಟ್ಟಿ ಹೋದ್ರೆ, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಅದೇ ಹೊತ್ತಿಗೆ ಕ್ಯಾಶುವಾಲಿಟಿಗೆ ಹೋಗಿ.

ಕಾಪು_ಲೈಟ್‌ಹೌಸ್:

ಪಾರ್ಕಿನ್ಸನ್ ಅಂತ ಯಾರೋ ಹೇಳಿದ್ರು ಅಂದ್ರಲ್ಲ, ನನ್ನ ಅಪ್ಪನಿಗೆ ಆರು ವರ್ಷದಿಂದ ಉಂಟು ಹಾಗಾಗಿ ಹೇಳ್ತೇನೆ. ಅಪ್ಪನಿಗೆ ಶುರು ಆದದ್ದು ಬಲಗೈಯಲ್ಲಿ, ಸುಮ್ಮನೆ ತೊಡೆ ಮೇಲೆ ಕೈ ಇಟ್ಟು ಟಿವಿ ನೋಡುವಾಗ ಬೆರಳು ನಡುಗುದು, ಲೋಟ ಹಿಡಿದ್ರೆ ನಿಲ್ಲುದು. ಮತ್ತೆ ನಡೆಯುವಾಗ ಆ ಕೈ ಬೀಸುದಿಲ್ಲ, ಸಹಿ ಸಣ್ಣ ಸಣ್ಣ ಆಗಿ ಬ್ಯಾಂಕಲ್ಲಿ ತಕರಾರು, ಮುಖದಲ್ಲಿ ನಗು ಕಾಣುದು ಕಡಿಮೆ. ಬಿಸಿ ತಂಪು ಎಲ್ಲ ಸರೀ ಗೊತ್ತಾಗ್ತದೆ ಅವರಿಗೆ. ನಿಮ್ಮ ಅಮ್ಮನ ಕೈ, ಮುಖ, ಬೀಡಿ ಕಟ್ಟುವ ಬೆರಳು ಎಲ್ಲ ಮೊದಲಿನ ಹಾಗೇ ಉಂಟಾ? ಹಾಗಿದ್ರೆ ಇದು ಬೇರೆಯೇ.

ಹಳೆಯಂಗಡಿ_ಮಗಳು:

ಬೆರಳಿಗೆ ಏನೂ ಆಗ್ಲಿಲ್ಲ, ಮೊನ್ನೆಯೂ ಕೂತು ಬೀಡಿ ಕಟ್ಟಿದ್ದಾರೆ. ನಾಡಿದ್ದಿಗೆ ನ್ಯೂರೋ ಅಪಾಯಿಂಟ್‌ಮೆಂಟ್ ಸಿಕ್ಕಿತು. ಒಳಗೆ ಗೆಡ್ಡೆ ಏನಾದ್ರೂ ಇರಬಹುದಾ? ಆ ಶಬ್ದ ಬರೀಲಿಕ್ಕೇ ಕೈ ಬರುದಿಲ್ಲ.

ಬ್ರಹ್ಮಾವರ_ಟೀಚರ್:

ಮಗಳೇ, ನಾನು ಗೆಡ್ಡೆ ತೆಗೆಸಿಕೊಂಡವಳು, ಹಾಗಾಗಿ ಆ ಶಬ್ದ ನಾನೇ ಬರೀತೇನೆ. ನನ್ನದು ಬೆನ್ನಲ್ಲ, ಕುತ್ತಿಗೆ, ಐದು-ಆರನೇ ಕುತ್ತಿಗೆ ಮೂಳೆ (ಸಿ5-ಸಿ6) ಹತ್ರ, ಶ್ವಾನೋಮಾ ಅಂತ, ನರದ ಮೇಲಿನ ಪೊರೆಯಿಂದ ಹುಟ್ಟುದು. ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು.

ಮೊದಲು ಚಾಕ್‌ಪೀಸ್ ಕೈಯಿಂದ ಬೀಳ್ತಿತ್ತು. ಸೀರೆಗೆ ಪಿನ್ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ, ಬೆರಳಿಗೆ ಪಿನ್ ಸಿಗ್ತದೆ ಆದ್ರೆ ಅದು ಪಿನ್ ಅಂತ ಬೆರಳಿಗೆ ಗೊತ್ತಾಗುದಿಲ್ಲ. ತಲೆ ಬಗ್ಗಿಸಿ ಹಾಜರಿ ಪುಸ್ತಕ ಬರೆಯುವಾಗ ಕುತ್ತಿಗೆಯಿಂದ ಬೆನ್ನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುದು. ಒಂದೂವರೆ ವರ್ಷ ಸ್ಪಾಂಡಿಲೈಟಿಸ್ ಅಂತ ಕಾಲರ್ ಹಾಕಿಕೊಂಡು ತಿರುಗಿದೆ, ಬೋರ್ಡ್ ಮೇಲೆ ನನ್ನ ಅಕ್ಷರ ಮಕ್ಕಳಿಗೆ ಓದ್ಲಿಕ್ಕೆ ಆಗ್ತಾ ಇರ್ಲಿಲ್ಲ, ಪಾಪ ಅವರು ಹೇಳ್ಲಿಲ್ಲ ನಂಗೆ.

ಗೆಡ್ಡೆ ಅಂದ ಕೂಡ್ಲೇ ನಾವು ಕ್ಯಾನ್ಸರ್ ಅಂತಲೇ ತಿಳೀತೇವೆ, ಆದ್ರೆ ಬೆನ್ನಿನೊಳಗೆ ಅದು ಎಲ್ಲಿ ಕೂತಿದೆ ಅನ್ನುದು ಭಾರೀ ಮುಖ್ಯ ಅಂತ ನನ್ನ ಸರ್ಜನ್ ಒಂದು ಕಾಗದದಲ್ಲಿ ಚಿತ್ರ ಬಿಡಿಸಿ ತೋರಿಸಿದ್ರು, ಆ ಕಾಗದ ಈಗಲೂ ನನ್ನ ಫೈಲಲ್ಲಿ ಉಂಟು. ಬೆನ್ನುಹುರಿಗೆ ಡ್ಯೂರಾ ಅಂತ ಒಂದು ಚೀಲ ಉಂಟಂತೆ. ಚೀಲದ ಹೊರಗೆ, ಮೂಳೆಯಲ್ಲಿ ಬರುದು ಹೆಚ್ಚಾಗಿ ಬೇರೆ ಕಡೆಯ ಕ್ಯಾನ್ಸರ್ ಹರಡಿದ್ದು, ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಇಂಥದ್ದರಿಂದ. ಚೀಲದ ಒಳಗೆ ಆದ್ರೆ ಹುರಿಯ ಹೊರಗೆ ಬರುದು ನನ್ನಂಥದ್ದು, ಶ್ವಾನೋಮಾ, ಇಲ್ಲ ಮೆನಿಂಜಿಯೋಮಾ, ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನ ಬೆಳೀತವೆ, ಹುರಿಯನ್ನು ಪಕ್ಕಕ್ಕೆ ತಳ್ತಾ ತಳ್ತಾ ಚಪ್ಪಟೆ ಮಾಡ್ತವೆ. ಮೆನಿಂಜಿಯೋಮಾ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ, ಬೆನ್ನಿನ ನಡುಭಾಗದಲ್ಲೇ ಜಾಸ್ತಿ. ಮೂರನೆಯದ್ದು ಹುರಿಯ ಒಳಗೇ ಹುಟ್ಟುವಂಥದ್ದು, ಎಪೆಂಡಿಮೋಮಾ, ಆಸ್ಟ್ರೋಸೈಟೋಮಾ, ಅದನ್ನು ತೆಗೆಯುದು ಕಷ್ಟದ ಕೆಲಸ. ನಿಮ್ಮ ಅಮ್ಮನಿಗೆ ಇದೇ ಅಂತ ನಾನು ಹೇಳುದಿಲ್ಲ, ಗೆಡ್ಡೆಯೇ ಅಲ್ಲದೆಯೂ ಇರಬಹುದು. ನನ್ನ ಪಕ್ಕದ ಬೆಡ್ಡಲ್ಲಿ ಇದ್ದ ಹುಡುಗಿಗೆ ಕಾಲು ಸೋತದ್ದು ಬೆನ್ನುಮೂಳೆಯ ಟಿಬಿಯಿಂದ, ಸಂಜೆ ಜ್ವರ ಬರ್ತಿತ್ತು, ತೂಕ ಇಳಿದಿತ್ತು, ಮಾತ್ರೆಯಲ್ಲೇ ವಾಸಿ ಆಯ್ತು ಅವಳಿಗೆ, ತಿಂಗಳುಗಟ್ಟಲೆ ಬಿಡದೆ ತಿನ್ಬೇಕಾಯ್ತು ಅಷ್ಟೆ.

ಒಂದು ಮಾತು, ಎಂಆರ್‌ಐಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುದಾದ್ರೆ ಮೊದಲು ಕ್ರಿಯೇಟಿನಿನ್ (ಕಿಡ್ನಿಯ ರಕ್ತ ಟೆಸ್ಟ್) ನೋಡ್ತಾರೆ, ಶುಗರ್ ಇರುವವರಿಗಂತೂ ಖಂಡಿತ, ಹಳೇ ರಿಪೋರ್ಟ್ ಇದ್ರೆ ತೆಗೆದುಕೊಂಡು ಹೋಗಿ. ಒಳಗೆ ಗಡಗಡ ಶಬ್ದ ಭಾರೀ ಬರ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿ, ನನಗೆ ಯಾರೂ ಹೇಳಿರ್ಲಿಲ್ಲ.

ಪಂಪ್‌ವೆಲ್_ಅಣ್ಣ:

ದುಡ್ಡಿನ ವಿಷಯ ಯಾರೂ ಹೇಳ್ಲಿಲ್ಲ ಹಾಗಾಗಿ ಹೇಳ್ತೇನೆ. ನಿಮ್ಮ ರೇಷನ್ ಕಾರ್ಡ್ ಯಾವುದು? ಬಿಪಿಎಲ್ ಆದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು, ಎಪಿಎಲ್ ಆದ್ರೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಹೆಚ್ಚಂದ್ರೆ 1.5 ಲಕ್ಷ. ಎಮರ್ಜೆನ್ಸಿ ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಕೇಳ್ತಾರೆ, ನಾವು ಭಾವನ ಆಪರೇಷನ್‌ಗೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ತಗೊಂಡದ್ದು. ಅಡ್ಮಿಟ್ ಆಗುವ ಮೊದಲೇ ಆ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಲ್ಲಿ ಹೋಗಿ ಯಾವುದೆಲ್ಲ ಇದರೊಳಗೆ ಬರ್ತದೆ ಯಾವುದಕ್ಕೆ ಕೈಯಿಂದ ಹಾಕ್ಬೇಕು ಅಂತ ಕೇಳಿ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಅಮ್ಮನ ಹೆಸರು ಒಂದೇ ಥರ ಉಂಟಾ ನೋಡಿ, ನಮಗೆ ಒಂದು ಅಕ್ಷರ ವ್ಯತ್ಯಾಸದಿಂದ ಎರಡು ದಿನ ಓಡಾಟ ಆಯ್ತು. ರಕ್ತ ಬೇಕಾದ್ರೆ ಇಲ್ಲೇ ಹಾಕಿ, ನಾವಿದ್ದೇವೆ.

ಹಳೆಯಂಗಡಿ_ಮಗಳು:

ಹೋಗಿ ಬಂದೆವು. ಆ ಡಾಕ್ಟ್ರು ಸಣ್ಣ ಪ್ರಾಯದವರು, ಅಮ್ಮನ ಹತ್ರ ಅರ್ಧ ಗಂಟೆ ಕೂತ್ರು. ಪಿನ್ನಿನಲ್ಲಿ ಬಲ ಪಾದದಿಂದ ಮೇಲೆ ಮೇಲೆ ಚುಚ್ತಾ ಬಂದ್ರು, ಹೊಕ್ಕುಳಿನವರೆಗೆ ಅಮ್ಮ ಮೊಂಡು ಮೊಂಡು ಅಂತಲೇ ಹೇಳ್ತಾ ಬಂದವರು ಅದರ ಸ್ವಲ್ಪ ಮೇಲೆ ಚುಚ್ಚಿದ ಕೂಡ್ಲೇ ಅಯ್ಯಬ್ಬಾ ಅಂದ್ರು. ಆಮೇಲೆ ಅಂಗಾಲಿನ ಅಂಚಲ್ಲಿ ಗೀರಿದ್ರು, ಎಡಗಾಲಿನ ಹೆಬ್ಬೆರಳು ಮೇಲೆ ಎದ್ದಿತು, ಹುರಿಗೆ ಒತ್ತಡ ಇದ್ರೆ ಹಾಗೆ ಆಗ್ತದಂತೆ. ಅದೇ ದಿನ ಬೆನ್ನಿನ ಎಂಆರ್‌ಐ ಬರೆದ್ರು.

ಬೆನ್ನಿನ ನಡುಭಾಗದ ಡಿ6-ಡಿ7 ಮೂಳೆ ಹತ್ರ, ಚೀಲದ ಒಳಗೆ ಹುರಿಯ ಹೊರಗೆ, ಎಡಬದಿಯಲ್ಲಿ ಗೆಡ್ಡೆ. ಹುರಿಯನ್ನು ಬಲಕ್ಕೆ ತಳ್ಳಿ ರಿಬ್ಬನಿನ ಹಾಗೆ ಮಾಡಿದೆ, ಸ್ಕ್ರೀನಲ್ಲಿ ನಾನೇ ನೋಡಿದೆ. ಮೆನಿಂಜಿಯೋಮಾ ಇರಬೇಕು, ತೆಗೆದು ಟೆಸ್ಟಿಗೆ ಕಳಿಸಿದ ಮೇಲೆ ಗ್ಯಾರಂಟಿ ಅಂದ್ರು. ಬುಧವಾರ ಆಪರೇಷನ್. ಅಮ್ಮ ಒಂದು ಮಾತೂ ಆಡ್ಲಿಲ್ಲ, ಕಾರಲ್ಲಿ ಬರುವಾಗ ಮಾತ್ರ ನಾನು ಸುಳ್ಳು ಹೇಳಿದ್ದಲ್ಲ ಅಂತ ಗೊತ್ತಾಯ್ತಲ್ಲ ಅಂದ್ರು. ನನಗೆ ಅವತ್ತಿಂದ ಊಟ ಸೇರ್ತಾ ಇಲ್ಲ. ಹೊಕ್ಕುಳ ಹತ್ರ ಸ್ಪರ್ಶ ನಿಂತದ್ದು, ಗೆಡ್ಡೆ ಅದಕ್ಕಿಂತ ಮೇಲೆ ಯಾಕೆ ಅಂತ ಕೇಳ್ಲಿಕ್ಕೆ ಮರ್ತೆ.

ನರ್ಸಿಂಗ್_ಅಮ್ಮ_ಮಲ್ಪೆ:

ಮಗಾ, ನಾನು ನ್ಯೂರೋ ವಾರ್ಡಲ್ಲಿ ತುಂಬ ವರ್ಷ ಇದ್ದವಳು, ಈಗ ರಿಟೈರ್ಡ್. ಸ್ಪರ್ಶ ನಿಲ್ಲುವ ಗೆರೆ ಗೆಡ್ಡೆಯ ಜಾಗಕ್ಕಿಂತ ಕೆಳಗೆ ಸಿಗುದು ಹೊಸತಲ್ಲ. ಹೊಕ್ಕುಳು ಡಿ10 ಮಟ್ಟ, ಒತ್ತಡ ಅದಕ್ಕಿಂತ ಮೂರು ನಾಲ್ಕು ಮೆಟ್ಟಿಲು ಮೇಲೆ ಇರಬಹುದು. ಹೀಗೆಯೇ ಆದ ಒಂದು ಹಳೇ ಕಥೆ ಉಂಟು. ಬೆನ್ನುಹುರಿಯ ಚೀಲದ ಒಳಗಿನ ಗೆಡ್ಡೆ ಮೊದಲ ಸಲ ಯಶಸ್ವಿಯಾಗಿ ತೆಗೆದದ್ದು ಲಂಡನ್ನಿನಲ್ಲಿ, 1887ರ ಜೂನ್‌ನಲ್ಲಿ. ರೋಗಿ ಸೈನ್ಯದ ಅಧಿಕಾರಿ, ಮೂರು ವರ್ಷ ಬೆನ್ನು ನೋವು ಅಂತ ಊರೂರು ತಿರುಗಿ ಏನೇನೋ ಹೆಸರು ಕೇಳಿಸಿಕೊಂಡು ಕೊನೆಗೆ ಎರಡೂ ಕಾಲು ಹೋಗಿತ್ತು. ಆಗ ಎಕ್ಸ್‌ರೇಯೇ ಇರ್ಲಿಲ್ಲ. ಗೋವರ್ಸ್ ಅನ್ನುವ ಡಾಕ್ಟರ್ ಬರೀ ಮುಟ್ಟಿ ಚುಚ್ಚಿ ನೋಡಿ ಜಾಗ ಹೇಳಿದ್ರು, ಹಾರ್ಸ್ಲೆ ಅನ್ನುವ ಸರ್ಜನ್ ತೆರೆದ್ರು. ತೆರೆದ ಜಾಗದಲ್ಲಿ ಗೆಡ್ಡೆ ಇಲ್ಲ. ಮುಚ್ಚುವ ಯೋಚನೆಗೆ ಬಂದಾಗ ಜೊತೆಗಿದ್ದವರು ಇನ್ನೂ ಮೇಲೆ ನೋಡುವ ಅಂತ ಒತ್ತಾಯ ಮಾಡಿದ್ರು, ಮೇಲಿನ ಮೂಳೆ ತೆಗೆದ್ರೆ ಅಲ್ಲಿತ್ತು. ಆ ಮನುಷ್ಯ ಮತ್ತೆ ಎದ್ದು ನಡೆದ್ರು. ನಿನ್ನ ಅಮ್ಮನದ್ದೂ ಕೆಳಗೆ ಹುಡುಕಿದ್ದು, ಮೇಲೆ ಸಿಕ್ಕಿದ್ದು. ನಿನ್ನ ಅಮ್ಮ ನಡೆದುಕೊಂಡೇ ಆಪರೇಷನ್‌ಗೆ ಹೋಗ್ತಾ ಇದ್ದಾರೆ, ಅದು ದೊಡ್ಡ ವಿಷಯ. ಪೂರ್ತಿ ಕಾಲು ಹೋದ ಮೇಲೆ ಬಂದವರನ್ನು ನಾನು ತುಂಬ ನೋಡಿದ್ದೇನೆ, ಅವರಲ್ಲಿ ವಾಪಸ್ ಬರುದು ಕಷ್ಟ.

ಈಗ ಕೆಲಸದ ಮಾತು. ಊತ ಇಳಿಸುವ ಡೆಕ್ಸಾ (ಸ್ಟಿರಾಯ್ಡ್) ಕೊಟ್ರೆ ಶುಗರ್ ಏರ್ತದೆ, ಸ್ವಲ್ಪ ದಿನ ಇನ್ಸುಲಿನ್ ಹಾಕಿದ್ರೆ ಹೆದರ್ಬೇಡ. ಕಾಲಿಗೆ ಬಿಸಿನೀರಿನ ಚೀಲ ಇಡ್ಲೇಬಾರ್ದು, ಸುಟ್ಟರೂ ಗೊತ್ತಾಗುದಿಲ್ಲ ಅವರಿಗೆ. ಬಚ್ಚಲಲ್ಲಿ ನೀರು ನೀನು ಕೈ ಹಾಕಿ ನೋಡಿಯೇ ಕೊಡು. ಹಿಮ್ಮಡಿ, ಕುಂಡೆಯ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯಾ ಅಂತ ದಿನಾ ನೋಡ್ಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು. ಹೊಲಿಗೆಯಿಂದ ನೀರಿನ ಹಾಗೆ ಏನಾದ್ರೂ ಒಸರಿದ್ರೆ ಬೆವರು ಅಂತ ಬಿಡ್ಬೇಡ, ಆ ಕೂಡ್ಲೇ ಸಿಸ್ಟರಿಗೆ ಹೇಳು.

ಹಳೆಯಂಗಡಿ_ಮಗಳು:

ತುಂಬಾ ದಿನ ಆಯ್ತು, ಬರೀಲಿಕ್ಕೆ ಆಗ್ಲಿಲ್ಲ, ಕ್ಷಮಿಸಿ. ಆಪರೇಷನ್ ಆಗಿ ಇವತ್ತಿಗೆ ಆರು ವಾರ. ಬಯಾಪ್ಸಿ ಬಂತು, ಮೆನಿಂಜಿಯೋಮಾ ಗ್ರೇಡ್ 1, ಅಂದ್ರೆ ಕ್ಯಾನ್ಸರ್ ಅಲ್ಲ, ಪೂರ್ತಿ ತೆಗೆದಿದ್ದಾರೆ, ಆದ್ರೂ ಮಧ್ಯೆ ಮಧ್ಯೆ ಎಂಆರ್‌ಐ ಮಾಡ್ತಾ ಇರ್ಬೇಕಂತೆ. ಆ ರಾತ್ರಿಯ ನೋವು ಹೋಯ್ತು, ಅಮ್ಮ ಮಲಗಿ ನಿದ್ದೆ ಮಾಡ್ತಾರೆ, ಒಂದು ವರ್ಷ ಆದ ಮೇಲೆ. ಮೊದಲ ಎರಡು ವಾರ ಎಡಗಾಲು ಮೊದಲಿಗಿಂತಲೂ ಭಾರ ಆಗಿ ನಮಗೆ ಜೀವವೇ ಹೋದ ಹಾಗಾಗಿತ್ತು, ಈಗ ವಾಕರ್ ಹಿಡಿದು ಜಗಲಿಯಿಂದ ಬಾವಿಯವರೆಗೆ ಹೋಗ್ತಾರೆ. ಒಂದಕ್ಕೆ ತಡೀಲಿಕ್ಕೆ ಆಗ್ತದೆ. ಬಲಗಾಲಿಗೆ ಬಿಸಿ ಇನ್ನೂ ಗೊತ್ತಿಲ್ಲ. ಎಡ ಪಾದ ಉರೀತದೆ ಅಂತಾರೆ, ಫ್ಯಾನಿನ ಗಾಳಿ ತಾಗಿದ್ರೂ ಆಗುದಿಲ್ಲ.

ಟೀಚರ್, ನಿಮಗೂ ಹಾಗೆ ಆಗಿತ್ತಾ? ಮತ್ತೆ ಫಿಸಿಯೋದವರೇ, ಅಮ್ಮ ದಿನಾ ಕೇಳ್ತಾರೆ, ಬೀಡಿಗೆ ಯಾವಾಗ ಕೂತುಕೊಳ್ಳಬಹುದು ಅಂತ.

ಬ್ರಹ್ಮಾವರ_ಟೀಚರ್:

ಆಗಿತ್ತು. ತಣ್ಣೀರು ಕೈಗೆ ಬಿದ್ರೆ ಬೆಂಕಿ ಬಿದ್ದ ಹಾಗೆ. ಎಂಟು ತಿಂಗಳಲ್ಲಿ ಅರ್ಧ ಇಳೀತು, ಪೂರ್ತಿ ಹೋಗ್ಲಿಲ್ಲ. ಡಾಕ್ಟ್ರಿಗೆ ಹೇಳಿ, ಅದಕ್ಕೆ ಮಾತ್ರೆ ಉಂಟು, ಆದ್ರೆ ಆ ಮಾತ್ರೆಯಲ್ಲಿ ತೂಕಡಿಕೆ ಬರ್ತದೆ, ವಾಕರ್ ಹಿಡಿಯುವ ಹೊತ್ತಿಗೆ ಪಕ್ಕದಲ್ಲಿ ಯಾರಾದ್ರೂ ಇರ್ಬೇಕು. ತೆಳು ಕಾಟನ್ ಸಾಕ್ಸ್ ಹಾಕಿ ನೋಡಿ, ನನಗೆ ಗ್ಲೌಸ್ ಹಾಕಿದ್ರೆ ಆರಾಮ ಆಗ್ತಿತ್ತು. ಈಗ ನಾನು ಬೋರ್ಡ್ ಮೇಲೆ ಬರೀತೇನೆ, ಮೊದಲಿನಷ್ಟು ಗುಂಡಗೆ ಅಲ್ಲ.

ಕಡಿಯಾಳಿ_ಫಿಸಿಯೋ:

ಭಾರೀ ಖುಷಿ ಆಯ್ತು ಅಕ್ಕಾ ಓದಿ. ಬೀಡಿಗೆ ಸರ್ಜನ್ ಹತ್ರ ಒಂದು ಮಾತು ಕೇಳಿಯೇ ಶುರು ಮಾಡಿ. ಅವರು ಹೂಂ ಅಂದ್ರೂ ನೆಲದಲ್ಲಿ ಕಾಲು ಚಾಚಿ ಬೇಡ ಈಗ, ಏಳುವಾಗ ಎಡಗಾಲು ಸೆಟೆದು ಬೀಳ್ತಾರೆ. ಕೈ ಇರುವ ಕುರ್ಚಿ, ಬೆನ್ನಿಗೆ ಒರಗು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗ್ಬೇಕು, ತಡ್ಪೆ ಎದುರಿಗೆ ಸ್ಟೂಲ್ ಮೇಲೆ. ಅರ್ಧ ಗಂಟೆಗೊಮ್ಮೆ ಎದ್ದು ಬಾವಿಯವರೆಗೆ ಹೋಗಿ ಬರ್ಬೇಕು. ಮತ್ತೆ ಹಿಂದೆ ಪಟ್ಟಿ ಇರುವ ಚಪ್ಪಲ್ ತಂದುಕೊಡಿ, ಮನೆಯೊಳಗೂ ಅದನ್ನೇ ಹಾಕ್ಲಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರೀತಾ ಇರ್ಲಿ, ಕರೆಂಟ್ ಹೋದ್ರೂ ಉರಿಯುವ ಚಾರ್ಜಿಂಗ್ ಬಲ್ಬ್ ಸಿಗ್ತದೆ, ಅದೇ ಹಾಕಿ.